ಒಂದು ರೋಲ್, ಒಂದು ಮಾರು ಮಲ್ಲಿಗೆ

ಮೈಸೂರಲ್ಲಿ ಅರಮನೆ ಬಿಟ್ಟರೆ ದೇವರಾಜ ಮಾರುಕಟ್ಟೆಯಷ್ಟು ಫೋಟೋಗೆ ಸಿಕ್ಕ ಜಾಗ ಇನ್ನೊಂದು ಇರಲಿಕ್ಕಿಲ್ಲ. ಯಾವಾಗ ಹೋದರೂ ಕುಂಕುಮದ ರಾಶಿಗಳ ಮುಂದೆ ಯಾರಾದರೂ ಮೊಬೈಲ್ ಹಿಡಿದು ನಿಂತಿರುತ್ತಾರೆ. ನಾನೂ ಅಲ್ಲಿ ಬೇಕಾದಷ್ಟು ಹೊಡೆದಿದ್ದೇನೆ. ಆ ಫೋಟೋಗಳಲ್ಲಿ ಇರುವ ಒಬ್ಬರ ಪರಿಚಯವೂ ನನಗಿಲ್ಲ.

ಹೋದ ಬೇಸಿಗೆಯಲ್ಲಿ ಚಿಕ್ಕಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಹಿಡಿದು ಬೆಳಗ್ಗೇನೇ ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ಒಳಗೆ ಹೋದೆ. ಕಪ್ಪು ಬಿಳುಪು ರೋಲ್, 36 ಫೋಟೋ, ಅಷ್ಟೇ. ಕ್ಯಾಮೆರಾದ ಮೀಟರ್ ಸತ್ತು ಯಾವ ಕಾಲವಾಯಿತೋ. ಬೆಳಕನ್ನು ಕಣ್ಣಲ್ಲೇ ಅಳೆಯಬೇಕು. ಅದಕ್ಕೆ ಹಳಬರ ಲೆಕ್ಕ ಒಂದಿದೆ: ಚೆನ್ನಾಗಿ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) 16, ಶಟರ್ ವೇಗ ಫಿಲ್ಮಿನ ಐಎಸ್ಒಗೆ, ಅಂದರೆ ಅದು ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕಿಗೆ, ಹತ್ತಿರದ್ದು. 400ರ ಫಿಲ್ಮಿಗೆ 500, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗ. ಹೂವಿನ ಸಾಲಿನ ಟಾರ್ಪಾಲ್ ಕೆಳಗೆ ಈ ಲೆಕ್ಕ ನಡೆಯಲ್ಲ. ಅಪರ್ಚರನ್ನು 2.8ಕ್ಕೆ ತೆರೆದು (ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು), ಶಟರನ್ನು 60ಕ್ಕೆ ಇಳಿಸಿದೆ. ಅಷ್ಟು ನಿಧಾನದ ಶಟರಿನಲ್ಲಿ ಓಡಾಡುವವರೆಲ್ಲ ಮಸುಕಾಗುತ್ತಾರೆ. ಕೂತವರ ಹತ್ತಿರ ಕೂರೋದೇ ವಾಸಿ.

"ಏನಪ್ಪಾ, ಹೂ ಬೇಕಾ, ಫೋಟೋ ಬೇಕಾ?" ಅಂದರು ಒಬ್ಬ ಅಜ್ಜಿ.

"ಎರಡೂ ಬೇಕು ಕಣಜ್ಜಿ. ಒಂದು ಮಾರು ಮಲ್ಲಿಗೆ ಕೊಡಿ."

"ಕಟ್ಟಿದ್ದೆಲ್ಲ ಖಾಲಿ. ಕೂತ್ಕೋ, ಕಟ್ಟಿಕೊಡ್ತೀನಿ."

ಕೂತೆ. ಎಡಗೈ ಬೆರಳ ನಡುವೆ ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ. ಒದ್ದೆ ಬಾಳೆನಾರು ಒಂದು ಸುತ್ತು, ಒಂದು ಕುಣಿಕೆ, ಒಂದು ಎಳೆತ. ಅಜ್ಜಿಯ ಕಣ್ಣು ಕೈ ಮೇಲೆ ಇರಲೇ ಇಲ್ಲ, ಗಿರಾಕಿಗಳ ಮೇಲಿತ್ತು. ಮಧ್ಯೆ ಪಕ್ಕದವಳ ಹತ್ತಿರ ಚಿಲ್ಲರೆ ಜಗಳ, ನನಗೆ ಮದುವೆ ಆಗಿದೆಯಾ ಅನ್ನೋ ವಿಚಾರಣೆ. ನೋಡ್ತಾ ನೋಡ್ತಾ ಒಂದು ವಿಷಯ ಗೊತ್ತಾಯಿತು. ಕುಣಿಕೆ ಬಿಗಿದ ಮೇಲೆ ಮುಂದಿನ ಮೊಗ್ಗಿಗೆ ಹೋಗೋ ಮುಂಚೆ ಕೈ ಒಂದು ಚೂರು ನಿಲ್ಲುತ್ತೆ. 60ರ ಶಟರಿಗೆ ಅಷ್ಟು ಸಾಕು. ಡಿಜಿಟಲ್ ಕೈಯಲ್ಲಿದ್ದಿದ್ದರೆ ಅಷ್ಟು ಹೊತ್ತಿಗೆ ನೂರು ಹೊಡೆದು ಬಾಳೆಹಣ್ಣಿನ ಸಾಲಿಗೆ ಹೋಗಿರುತ್ತಿದ್ದೆ.

ನಮ್ಮ ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಚಿತ್ರಗಳಲ್ಲಿ ಜನ ಕ್ಯಾಮೆರಾ ಕಂಡು ಬಿಗಿಯಾದ ಹಾಗೆ ಕಾಣೋದೇ ಅಪರೂಪ. ಅದು ಬರೀ ಲೆನ್ಸಿನ ಕೆಲಸ ಇರಲಾರದು. ಹೀಗೇ ಎಲ್ಲೋ ಕೂತು ಹರಟೆ ಹೊಡೆದಿರಬೇಕು ಅಂತ ನನ್ನ ಅಂದಾಜು.

ಎದ್ದು ಹೊರಟಾಗ ಅಜ್ಜಿ, "ತಡಿ, ನೆಟ್ಟಗೆ ಒಂದು ತೆಗಿ" ಅಂದು ಸೆರಗು ಸರಿ ಮಾಡಿಕೊಂಡು ಕಲ್ಲಿನ ಥರ ಕೂತರು. ಅದನ್ನೂ ತೆಗೆದೆ. ಅವರ ಫೋಟೋ ಹೇಗಿರಬೇಕು ಅಂತ ಹೇಳೋಕೆ ನಾನ್ಯಾರು, ಅಲ್ವಾ?

ಫಿಲ್ಮ್ ತೊಳೆದಿದ್ದು ಮನೆಯ ಬಚ್ಚಲಲ್ಲಿ. ಫಿಲ್ಮಿನಲ್ಲಿ ಚಿತ್ರ ಮೂಡಿಸೋ ರಾಸಾಯನಿಕ, ಡೆವಲಪರ್, 20 ಡಿಗ್ರಿಯಲ್ಲಿರಬೇಕು. ಬೇಸಿಗೆಯಲ್ಲಿ ನಲ್ಲಿ ನೀರೇ ಅದಕ್ಕಿಂತ ಬಿಸಿ. ಬಕೆಟ್ಟಿಗೆ ಐಸ್ ಸುರಿದು, ಥರ್ಮಾಮೀಟರ್ ಹಿಡಿದು ಕಾಯಬೇಕಾಯಿತು. ಬಿಸಿ ಜಾಸ್ತಿಯಾದರೆ ಫಿಲ್ಮ್ ಬೇಗ ಡೆವಲಪ್ ಆಗಿ ನೆಗೆಟಿವ್ ಗಾಢವಾಗಿಬಿಡುತ್ತೆ. ಮನೆಯವರು ಸ್ನಾನಕ್ಕೆ ಕಾದು ಬೈದರು.

ಪ್ರಿಂಟ್ ಹಾಕಿಸಿ ಎರಡೂ ತಗೊಂಡು ಹೋಗಿ ಕೊಟ್ಟೆ. ನನಗೆ ಇಷ್ಟವಾದ ಕೈಗಳ ಫೋಟೋವನ್ನು ಅಜ್ಜಿ "ಮುಖಾನೇ ಇಲ್ವಲ್ಲ" ಅಂತ ವಾಪಸ್ ಕೊಟ್ಟರು. ನೆಟ್ಟಗೆ ಕೂತಿದ್ದನ್ನು ಮಾತ್ರ ಪಕ್ಕದಂಗಡಿಯವರಿಗೆಲ್ಲ ತೋರಿಸಿಕೊಂಡು ಬಂದರು. ಆಮೇಲೆ ಬುಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: "ಅಲ್ಲಪ್ಪಾ, ಕನಕಾಂಬರ ಯಾಕೆ ಬೂದಿ ಥರ ಕಾಣ್ತದೆ? ನಾನು ಬಾಡಿದ ಹೂ ಮಾರ್ತೀನಾ?"

ಮುಂದಿನ ಸಲ ಕಲರ್ ರೋಲ್ ಹಾಕಬೇಕು. ಅಪ್ಪಣೆಯಾಗಿದೆ.