ಮೇಸ್ತ್ರಿ ಮಹಡಿ ಹತ್ತಿ ಬಂದ ದಿನ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಟ್ಯೂಬ್ ಬಗ್ಗಿಸುವ ಮೇಸ್ತ್ರಿ ಮಹಡಿ ಹತ್ತಿ ಬರುವವರಲ್ಲ. ಏನಿದ್ದರೂ ಹುಡುಗನ ಕೈಯಲ್ಲಿ ಹೇಳಿ ಕಳಿಸುತ್ತಾರೆ. ಅಂದು ತಾವೇ ಬಂದರು. ಒಂದು ಕೈಯಲ್ಲಿ ನನ್ನ ಡ್ರಾಯಿಂಗ್, ಇನ್ನೊಂದರಲ್ಲಿ ಬೆಂಡರ್. ಎರಡನ್ನೂ ಮೇಜಿನ ಮೇಲಿಟ್ಟು, "ಮೇಡಂ, ಇದರಲ್ಲಿ ಅದು ಬರುವುದಿಲ್ಲ" ಎಂದರು. ಅಷ್ಟೇ.

ಡ್ರಾಯಿಂಗ್‌ನಲ್ಲಿ 12 ಮಿ.ಮೀ. ಸ್ಟೀಲ್ ಟ್ಯೂಬೊಂದು ಯು ಆಕಾರದಲ್ಲಿ ಹಿಂದಿರುಗುತ್ತಿತ್ತು. ಹೋಗುವ ಸಾಲಿಗೂ ಬರುವ ಸಾಲಿಗೂ ನಡುವೆ 60 ಮಿ.ಮೀ. ನಾನು ಡ್ರಾಯಿಂಗ್ ಮಾಡುವ ಇನ್ವೆಂಟರ್ ಸಾಫ್ಟ್‌ವೇರ್‌ನಲ್ಲಿ ಟ್ಯೂಬಿನ ಅಳತೆ, ಬಾಗಿನ ನಿಯಮಗಳನ್ನು ಒಂದು ಹೆಸರಿನಡಿ ಇಟ್ಟುಕೊಳ್ಳುವುದಕ್ಕೆ ಸ್ಟೈಲ್ ಎನ್ನುತ್ತಾರೆ. ನನ್ನ ಸ್ಟೈಲ್‌ನಲ್ಲಿ ಬಾಗಿನ ತ್ರಿಜ್ಯ 25. ಅವರ ಬೆಂಡರ್‌ನದು 38. ಆ ಬೆಂಡರ್‌ನಲ್ಲಿ ಎರಡು ಸಾಲುಗಳ ನಡುವೆ 76 ಮಿ.ಮೀ.ಗಿಂತ ಕಡಿಮೆ ಅಂತರ ಸಾಧ್ಯವೇ ಇಲ್ಲ. ಹಳೆಯ ಕೆಲಸವೊಂದರ ಸ್ಟೈಲನ್ನು ನಕಲು ಮಾಡಿ, ಹೆಸರು ಬದಲಿಸಿ, ರೂಲ್ಸ್ ಪುಟವನ್ನು ತೆರೆದೂ ನೋಡದೆ ಮುಂದುವರಿದವಳು ನಾನೇ. ಪರದೆಯ ಮೇಲೆ ಟ್ಯೂಬ್ ಚೆಂದವಾಗಿಯೇ ಬಾಗಿತ್ತು.

ಯು ಬಾಗು ಕಣ್ಣಿಗೆ ಬೀಳುವ ತಪ್ಪು, ಮೇಸ್ತ್ರಿ ಹಿಡಿದರು. ನನ್ನನ್ನು ಹೆಚ್ಚು ಕಾಡಿದ್ದು ಉಳಿದ ಬಾಗುಗಳು. 90 ಡಿಗ್ರಿಯ ಒಂದು ಬಾಗಿನಲ್ಲಿ ಮೂಲೆಯವರೆಗೆ ನೇರ ಹೋಗದೆ ಸುತ್ತಿ ಹೋಗುವುದರಿಂದ ಉಳಿತಾಯವಾಗುವ ಟ್ಯೂಬ್ ತ್ರಿಜ್ಯದ 0.43 ಪಾಲು. ತ್ರಿಜ್ಯ 25 ಇದ್ದರೆ ಸುಮಾರು 10.7 ಮಿ.ಮೀ., 38 ಇದ್ದರೆ 16.3. ಅಂದರೆ ನನ್ನ ಉದ್ದಗಳ ಪಟ್ಟಿ ನೋಡಿ ಕತ್ತರಿಸಿದ ಟ್ಯೂಬ್ ಪ್ರತಿ ಬಾಗಿಗೆ ಐದೂವರೆ ಮಿಲಿಮೀಟರ್‌ನಷ್ಟು ಹೆಚ್ಚು ಉದ್ದ. ನಾಲ್ಕು ಬಾಗಿದ್ದರೆ 22. ಇಷ್ಟು ದಿನ ಅವರು ಸುಮ್ಮನೆ ತುದಿ ಕತ್ತರಿಸಿ ಜೋಡಿಸುತ್ತಿದ್ದರಂತೆ. ಹೇಳಬಾರದಿತ್ತೇ ಎಂದು ಕೇಳಿದೆ. "ನೀವು ಕೇಳಲಿಲ್ಲವಲ್ಲ" ಎಂದರು.

ಮರುದಿನ ನೋಟ್‌ಬುಕ್ ಹಿಡಿದು ನಾನೇ ಕೆಳಗಿಳಿದೆ. ಯಾವ ಅಳತೆಯ ಬೆಂಡರ್‌ಗಳಿವೆ, ಎರಡು ಬಾಗುಗಳ ನಡುವೆ ಹಿಡಿತಕ್ಕೆ ಎಷ್ಟು ನೇರ ತುಂಡು ಬೇಕು, ಎರಡು ಎಲ್ಬೋಗಳ ನಡುವಿನ ಪೈಪ್ ಎಷ್ಟು ಗಿಡ್ಡವಾದರೆ ವೆಲ್ಡರ್ ಗೊಣಗುತ್ತಾನೆ, ಎಲ್ಲವನ್ನೂ ಬರೆದುಕೊಂಡೆ. ಇನ್ವೆಂಟರ್‌ನಲ್ಲಿ ಸ್ಟೈಲ್‌ಗಳು ಮೂರು ಬಗೆ: ಫಿಟಿಂಗ್‌ಗಳಿರುವ ಗಟ್ಟಿ ಪೈಪ್, ಬಗ್ಗಿಸುವ ಟ್ಯೂಬ್, ಬಳುಕುವ ಹೋಸ್. ಹೋಸ್‌ನಿಂದ ನನಗೆ ತೊಂದರೆಯಾಗಿದ್ದಿಲ್ಲ, ಅದನ್ನು ಮುಟ್ಟಲಿಲ್ಲ. ಉಳಿದೆರಡರಲ್ಲಿ ಕನಿಷ್ಠ ಉದ್ದ, ಉದ್ದವನ್ನು ಯಾವ ಅಳತೆಯ ಗುಣಕಕ್ಕೆ ಸರಿಹೊಂದಿಸಬೇಕೆಂಬ ಹೆಜ್ಜೆ, ಟ್ಯೂಬಿಗಾದರೆ ಬಾಗಿನ ತ್ರಿಜ್ಯ, ಈ ಮೂರನ್ನೂ ನೋಟ್‌ಬುಕ್ ನೋಡಿಯೇ ತುಂಬಿದೆ.

ಪೈಪಿನ ಕಡೆ ಇನ್ನೊಂದು ಗುಟ್ಟು ಬಯಲಾಯಿತು. ನನ್ನ ಸ್ಟೈಲ್‌ನಲ್ಲಿದ್ದದ್ದು 50 ಎನ್‌ಬಿ (ಹೆಸರಿಗಷ್ಟೇ ಇರುವ ಒಳವ್ಯಾಸ), ಶೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ): ಹೊರವ್ಯಾಸ 60.3, ದಪ್ಪ 3.91 ಮಿ.ಮೀ. (50 ಎನ್‌ಬಿ ಎಂಬ ಈ ಪೈಪಿನಲ್ಲಿ ಎಲ್ಲಿ ಅಳೆದರೂ 50 ಸಿಗುವುದಿಲ್ಲ, ಹೊಸ ಹುಡುಗರು ಕ್ಯಾಲಿಪರ್ ಹಿಡಿದು ಪೆಚ್ಚಾಗುವುದನ್ನು ನೋಡುವುದು ನನಗೊಂದು ಸಣ್ಣ ಖುಷಿ.) ನೀರಿನ ಲೈನಿಗೆಂದು ರ‍್ಯಾಕಿನಲ್ಲಿ ಇದ್ದದ್ದು ಮಾತ್ರ ಬಿ ಕ್ಲಾಸ್ ಎಂಬ ಇನ್ನೊಂದು ದರ್ಜೆ, ದಪ್ಪ 3.6. ಹೊರಗಿನಿಂದ ಒಂದೇ, ತೂಕದ ಲೆಕ್ಕದಲ್ಲಿ ಬೇರೆ. ಅದಕ್ಕೂ ಪ್ರತ್ಯೇಕ ಸ್ಟೈಲ್ ಮಾಡಿದೆ.

ಹೆಸರಿಡುವುದರಲ್ಲಿ ಈಗ ನಾನು ಹಟಮಾರಿ. "ಹೊಸ ಟ್ಯೂಬ್ 2", "ಫೈನಲ್" ಎಂಬ ಹೆಸರುಗಳನ್ನು ಕಂಡಲ್ಲಿ ಅಳಿಸುತ್ತೇನೆ. "ಟ್ಯೂಬ್ 12×1 ಬಾಗು 38" ಎಂದರೆ ಪಟ್ಟಿಯಲ್ಲೇ ವಿಷಯ ತಿಳಿಯುತ್ತದೆ. ಸ್ಟೈಲ್‌ಗಳನ್ನೆಲ್ಲ ಎಕ್ಸ್‌ಎಂಎಲ್ ಕಡತವಾಗಿ ರಫ್ತು ಮಾಡಿ ಸರ್ವರ್‌ನಲ್ಲಿಟ್ಟಿದ್ದೇನೆ, ಹೊಸ ಕೆಲಸ ಶುರುಮಾಡುವ ಟೆಂಪ್ಲೇಟಿಗೂ ಸೇರಿಸಿದ್ದೇನೆ. ಆದರೆ ಹಳೆಯ ಅಸೆಂಬ್ಲಿಗಳು (ಹಲವು ಭಾಗಗಳನ್ನು ಜೋಡಿಸಿದ ಕಡತಗಳು) ತಮ್ಮ ಹಳೆಯ ಸ್ಟೈಲನ್ನೇ ಹೊತ್ತುಕೊಂಡಿರುತ್ತವೆ. ಅವುಗಳನ್ನು ತೆರೆದಾಗಲೆಲ್ಲ ಆಮದು ಮಾಡಿ, ಪೈಪ್ ಅಥವಾ ಟ್ಯೂಬ್ ಸಾಗುವ ಮಾರ್ಗವನ್ನು ಆಯ್ಕೆ ಮಾಡಿಯೇ ಸ್ಟೈಲ್ ಬದಲಿಸಬೇಕು. ಏನನ್ನೂ ಆಯ್ಕೆ ಮಾಡದೆ ಬದಲಿಸಿದರೆ ಅದು ಮುಂದೆ ಎಳೆಯುವ ಮಾರ್ಗಗಳಿಗಷ್ಟೇ ಅನ್ವಯ. ಇದನ್ನು ಕಲಿಯಲು ನನಗೆ ಒಂದು ಶನಿವಾರ ಹಿಡಿಯಿತು.

ಕಳೆದ ವಾರ 10 ಮಿ.ಮೀ. ಬೆಂಡರ್‌ನ ಹಿಡಿ ಮುರಿಯಿತೆಂದು ಕೆಳಗಿನಿಂದ ಚೀಟಿ ಬಂತು. ಹೊಸದು ಬರುವವರೆಗೆ ಆ ಸ್ಟೈಲಿನ ಹೆಸರಿನ ಮುಂದೆ "ಬೇಡ" ಎಂದು ಸೇರಿಸಿಟ್ಟಿದ್ದೇನೆ.