ಮೋಟಾರು ಕೊನೆಗೆ, ಚಕ್ರ ಮೊದಲು: ಕೈಯಲ್ಲೇ ಕಟ್ಟುವ ಮಾದರಿ ರೈಲು ಎಂಜಿನ್ನಿನ ಗೇರ್‌ಬಾಕ್ಸ್ ಲೆಕ್ಕ

ಮಾದರಿ ರೈಲು ಎಂಜಿನ್ ಕಟ್ಟಿಕೊಡುವ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದೇ. ಮೊದಲು ಚೆಂದದ ಮೋಟಾರು ತಂದಿಟ್ಟುಕೊಳ್ಳುವುದು, ಆಮೇಲೆ ಅದಕ್ಕೊಪ್ಪುವ ಗೇರ್ ಹುಡುಕುವುದು. ಹೀಗೆ ಕಟ್ಟಿದ ಎಂಜಿನ್ ಒಂದೋ ಶಂಟಿಂಗ್ ಯಾರ್ಡಿನಲ್ಲಿ ಬಾಣದಂತೆ ಓಡುತ್ತದೆ, ಇಲ್ಲವೇ ಅದರ ಗೇರ್‌ಬಾಕ್ಸ್ ಸ್ಲೀಪರಿಗೆ (ಹಳಿಯ ಕೆಳಗಿನ ಅಡ್ಡಪಟ್ಟಿಗೆ) ತಾಗುತ್ತದೆ. ಲೆಕ್ಕವನ್ನು ಹಳಿಯ ಮೇಲಿರುವ ಚಕ್ರದಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೋಟಾರಿನ ಸರದಿ ಕೊನೆಗೆ.

ಉದಾಹರಣೆಗೆ ಎಚ್‌ಒ ಅಳತೆಯ, ಅಂದರೆ 1:87ರ ಗೂಡ್ಸ್ ಎಂಜಿನ್ ತೆಗೆದುಕೊಳ್ಳೋಣ. ಚಕ್ರದ ವ್ಯಾಸ 16 ಮಿ.ಮೀ. ಮೋಟಾರು 12 ವೋಲ್ಟಿನಲ್ಲಿ ಖಾಲಿಯಾಗಿ ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಈ ಖಾಲಿ ವೇಗವನ್ನೇ ನಂಬಿ ಲೆಕ್ಕ ಹಾಕಬಾರದು. ಹೊರೆ ಹೆಚ್ಚಿದಷ್ಟೂ ಡಿಸಿ ಮೋಟಾರಿನ ವೇಗ ಸಮಪ್ರಮಾಣದಲ್ಲಿ ಇಳಿಯುತ್ತದೆ. ಪೂರ್ತಿ ತಡೆಹಿಡಿದಾಗ ಅದು ಕೊಡುವ ಟಾರ್ಕಿನ (ತಿರುಗಿಸುವ ಬಲದ) ಕಾಲು ಭಾಗವನ್ನು ನಾವು ಕೇಳಿದರೆ ಉಳಿಯುವುದು 9,000 ಸುತ್ತು. ಇದನ್ನು 40:1 ಗೇರಿನಿಂದ ಭಾಗಿಸಿದರೆ ಚಕ್ರಕ್ಕೆ ಸಿಗುವುದು ನಿಮಿಷಕ್ಕೆ 225 ಸುತ್ತು. ಅದನ್ನು ಚಕ್ರದ ಸುತ್ತಳತೆಯಾದ 50.3 ಮಿ.ಮೀ.ಯಿಂದ, ಆಮೇಲೆ 60ರಿಂದ, 87ರಿಂದ ಗುಣಿಸಿ, ಹತ್ತು ಲಕ್ಷದಿಂದ ಭಾಗಿಸಿದರೆ ಗಂಟೆಗೆ ಸುಮಾರು 59 ಕಿ.ಮೀ. ಬರುತ್ತದೆ. ಗೂಡ್ಸಿಗೆ ಇದು ಹೇಳಿಮಾಡಿಸಿದ ವೇಗ. ಅದೇ ಮೋಟಾರಿಗೆ 30:1 ಹಾಕಿದರೆ 79 ಕಿ.ಮೀ., 80:1 ಹಾಕಿದರೆ 30 ಕಿ.ಮೀ. ಶಂಟಿಂಗ್ ಎಂಜಿನ್ನಿಗೆ ನಾವು ಕಣ್ಣುಮುಚ್ಚಿ ಹಾಕುವುದು 60ರಿಂದ 80ರ ನಡುವಿನ ಗೇರನ್ನೇ. ನಿಧಾನವಾಗಿ ಹೊರಡುವುದು ಎಷ್ಟು ಮುಖ್ಯವೋ ಅದರ ಮುಂದೆ ಗರಿಷ್ಠ ವೇಗ ಏನೇನೂ ಅಲ್ಲ.

ಈಗ ಜಾಗದ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲೇ. ಒಂದೆಳೆಯ ವರ್ಮ್ (ಮೋಟಾರಿನ ಶಾಫ್ಟಿಗೆ ಕೂರುವ, ಸ್ಕ್ರೂವಿನಂಥ ಗೇರು) ಒಂದು ಸುತ್ತು ತಿರುಗಿದರೆ ಗೇರು ಒಂದು ಹಲ್ಲು ಮುಂದೆ ಹೋಗುತ್ತದೆ, ಹಾಗಾಗಿ ಒಂದೇ ಹಂತದಲ್ಲಿ 40:1 ಬೇಕೆಂದರೆ ಆಕ್ಸಲ್ ಮೇಲೆ 40 ಹಲ್ಲಿನ ಗೇರು ಕೂರಬೇಕು. 0.4 ಮಾಡ್ಯೂಲಿನಲ್ಲಿ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) ಅದರ ಪಿಚ್ ವ್ಯಾಸ, ಅಂದರೆ ಹಲ್ಲುಗಳು ಕೂಡುವ ವೃತ್ತದ ವ್ಯಾಸ, 16 ಮಿ.ಮೀ., ಹಲ್ಲಿನ ತುದಿ ಸೇರಿ 16.8. ನಮ್ಮ ಚಕ್ರವೇ 16! ಗೇರು ಹಳಿಯ ಮಟ್ಟಕ್ಕಿಂತ ಕೆಳಗಿಳಿದು ಮೊದಲ ಪಾಯಿಂಟಿನಲ್ಲೇ (ಹಳಿ ಕವಲೊಡೆಯುವಲ್ಲಿ) ಸಿಕ್ಕಿಬೀಳುತ್ತದೆ. 0.3 ಮಾಡ್ಯೂಲಿಗೆ ಇಳಿದರೆ ಹೊರವ್ಯಾಸ 12.6ಕ್ಕೆ ಬಂದು, ಹಳಿಯ ಮೇಲೆ 1.7 ಮಿ.ಮೀ. ಜಾಗ ಉಳಿಯುತ್ತದೆ. ಆದರೆ ಹಲ್ಲು ಚಿಕ್ಕದಾದಷ್ಟೂ ಜೋಡಣೆಯಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಗೇರ್‌ಬಾಕ್ಸಿನ ತಗಡು ಕೂಡ ಆ 1.7ರೊಳಗೇ ಹಿಡಿಸಬೇಕು.

ಅದಕ್ಕೇ ಎರಡು ಹಂತದ ಗೇರ್‌ಬಾಕ್ಸ್. ವರ್ಮಿಗೆ 20 ಹಲ್ಲಿನ ಗೇರು, ಅದೇ ಶಾಫ್ಟಿನ ಮೇಲೆ 12 ಹಲ್ಲಿನ ಪಿನಿಯನ್, ಆಕ್ಸಲ್ ಮೇಲೆ 24 ಹಲ್ಲಿನ ಗೇರು. ಒಟ್ಟು ಅದೇ 40:1. ಆಕ್ಸಲ್ ಗೇರಿನ ಹೊರವ್ಯಾಸ 0.4 ಮಾಡ್ಯೂಲಿನಲ್ಲೂ 10.4 ಮಿ.ಮೀ. ಮಾತ್ರ, ಕೆಳಗೆ 2.8 ಮಿ.ಮೀ. ಬಿಡುವು. ಇನ್ನೊಂದು ಅನುಕೂಲವೆಂದರೆ ನಡುವಿನ ಗೇರನ್ನು ಹಿಂದಕ್ಕೋ ಮೇಲಕ್ಕೋ ಸರಿಸಿ ಮೋಟಾರನ್ನು ಬಾಯ್ಲರಿನೊಳಗೆ ಅಡಗಿಸಬಹುದು. ಹೊರಗಿನಿಂದ ನೋಡಿದರೆ ಬಾಯ್ಲರಿನ ಕೆಳಗೆ ಬೆಳಕು ಹಾಯುತ್ತದೆ. ನಮ್ಮ ಪ್ರಕಾರ ಆ ಒಂದು ನೋಟಕ್ಕಾಗಿಯೇ ಎರಡು ಹಂತದ ಖರ್ಚು ಸಾರ್ಥಕ.

ಅಗಲವನ್ನೂ ಅಳೆದುಕೊಳ್ಳಿ. 16.5 ಮಿ.ಮೀ. ಗೇಜಿನಲ್ಲಿ ಚಕ್ರಗಳ ಒಳಮೈ ನಡುವೆ ಇರುವುದು ಸುಮಾರು 14.4 ಮಿ.ಮೀ. ಎರಡು ಫ್ರೇಮ್ ತಗಡು ಮತ್ತು ತಿರುವಿಗೆ ಬೇಕಾದ ಪ್ಲೇ (ಸಡಿಲ) ಕಳೆದರೆ ಗೇರ್‌ಬಾಕ್ಸಿಗೆ ಸಿಗುವುದು 10 ಮಿ.ಮೀ. ಆಸುಪಾಸು. ಫೈರ್‌ಬಾಕ್ಸ್, ಬಾಯ್ಲರುಗಳ ಒಳ ಅಳತೆಯನ್ನು ದಪ್ಪ ಕಾಗದದ ಮೇಲೆ ನಿಜ ಗಾತ್ರದಲ್ಲೇ ಬರೆದು, ಗೇರ್‌ಬಾಕ್ಸಿನ ಆಕಾರ ಕತ್ತರಿಸಿ ಆಕ್ಸಲಿನ ಜಾಗಕ್ಕೆ ಗುಂಡುಸೂಜಿ ಚುಚ್ಚಿ ತಿರುಗಿಸಿ ನೋಡಿ. ಹತ್ತು ನಿಮಿಷದ ಈ ಕೆಲಸ ಬೆಸುಗೆ ಬಿಚ್ಚುವ ಒಂದು ದಿನವನ್ನು ಉಳಿಸುತ್ತದೆ.

ಮೋಟಾರಿಗೆ ಬರೋಣ. ಎಂಜಿನ್ ಎಷ್ಟು ಎಳೆಯಬಲ್ಲದು ಎಂಬುದನ್ನು ತೀರ್ಮಾನಿಸುವುದು ಮೋಟಾರಲ್ಲ, ತೂಕ. 300 ಗ್ರಾಂ ತೂಕವೆಲ್ಲ ಚಾಲಕ ಚಕ್ರಗಳ ಮೇಲೇ ಇದ್ದು, ಹಳಿಯ ಹಿಡಿತ ತೂಕದ ಕಾಲು ಭಾಗವೆಂದರೆ, ಚಕ್ರ ಜಾರುವ ಮುನ್ನ ಸಿಗುವ ಎಳೆತ 0.74 ನ್ಯೂಟನ್. 8 ಮಿ.ಮೀ. ತ್ರಿಜ್ಯಕ್ಕೆ ಆಕ್ಸಲ್ ಮೇಲೆ ಸುಮಾರು 5.9 ಮಿಲಿ ನ್ಯೂಟನ್ ಮೀಟರ್ ಟಾರ್ಕ್. ವರ್ಮಿನ ಉಜ್ಜಾಟದಲ್ಲಿ ಅರ್ಧಕ್ಕಿಂತ ಹೆಚ್ಚೇ ಸೋರಿಹೋಗುತ್ತದೆಂದು ಇಟ್ಟುಕೊಂಡು ದಕ್ಷತೆಯನ್ನು 45% ಎಂದು ಹಿಡಿದು, 40:1 ಗೇರನ್ನೂ ಲೆಕ್ಕಕ್ಕೆ ತಂದರೆ ಮೋಟಾರು ಕೊಡಬೇಕಾದ್ದು 0.33. ಇದರ ನಾಲ್ಕು ಪಟ್ಟು, ಅಂದರೆ ಸುಮಾರು 1.3 ಮಿಲಿ ನ್ಯೂಟನ್ ಮೀಟರ್ ಸ್ಟಾಲ್ ಟಾರ್ಕ್ (ಪೂರ್ತಿ ತಡೆಹಿಡಿದಾಗಿನ ಟಾರ್ಕ್) ಇರುವ ಮೋಟಾರು ಹಿಡಿಯಿರಿ. ಮೇಲೆ ವೇಗಕ್ಕೆ ಕಾಲು ಭಾಗ ಕಳೆದದ್ದು ಇದೇ ಲೆಕ್ಕದಿಂದ. ಗಾಡಿ ಸಿಕ್ಕಿಕೊಂಡಾಗ ಮೋಟಾರು ನಿಲ್ಲುವ ಮೊದಲು ಚಕ್ರ ಜಾರಬೇಕು. ಹಾಗಾಗದಿದ್ದರೆ ಸುಡುವುದು ವೈಂಡಿಂಗ್. ಡಿಸಿಸಿ (ಡಿಜಿಟಲ್ ನಿಯಂತ್ರಣ) ಡಿಕೋಡರ್ ಹಾಕುವವರು ಮೋಟಾರಿನ ಸ್ಟಾಲ್ ಕರೆಂಟು ಡಿಕೋಡರಿನ ಮಿತಿಯೊಳಗಿದೆಯೇ ಎಂದೂ ನೋಡಿಕೊಳ್ಳಬೇಕು.

ಕೋರ್‌ಲೆಸ್ ಮೋಟಾರು (ಕಬ್ಬಿಣದ ಕೋರಿಲ್ಲದ್ದು) ತಡೆತಡೆದು ತಿರುಗುವುದಿಲ್ಲ, ನುಣ್ಣಗೆ ಹೊರಡುತ್ತದೆ. ಆದರೆ ಒಳಗಿನ ತಂತಿಬುಟ್ಟಿ ತೀರಾ ಹಗುರ, ಬಲುಬೇಗ ಕಾಯುತ್ತದೆ. ಹಳೆಯ ಫೀಡ್‌ಬ್ಯಾಕ್ ಕಂಟ್ರೋಲರುಗಳ (ಮೋಟಾರಿನ ವೇಗ ನೋಡಿಕೊಂಡು ವಿದ್ಯುತ್ ಹೊಂದಿಸುವವು) ಒರಟು ಪಲ್ಸ್ ಇದಕ್ಕೆ ಆಗಿಬರುವುದಿಲ್ಲ. ಅಂಥ ಕಂಟ್ರೋಲರ್ ಇರುವವರಿಗೆ ಕಬ್ಬಿಣದ ಕೋರಿನ ಐದು ಪೋಲ್ ಮೋಟಾರೇ ಕ್ಷೇಮ. ಫ್ಲೈವೀಲ್ (ಓಟವನ್ನು ಸಮವಾಗಿಸುವ ಭಾರದ ಚಕ್ರ) ಹಾಕುವುದಿದ್ದರೆ ವರ್ಮಿಗಿಂತ ಮೊದಲು, ಮೋಟಾರಿನ ಶಾಫ್ಟಿನ ಮೇಲೇ ಇರಬೇಕು, ಏಕೆಂದರೆ ಒಂದೆಳೆಯ ವರ್ಮನ್ನು ಚಕ್ರದ ಕಡೆಯಿಂದ ತಿರುಗಿಸಲು ಸಾಮಾನ್ಯವಾಗಿ ಆಗದು. ಉದ್ದಕ್ಕಿಂತ ವ್ಯಾಸ ಮುಖ್ಯ: 10 ಮಿ.ಮೀ. ವ್ಯಾಸವನ್ನು 12 ಮಾಡಿದರೆ ಜಡತ್ವ ಎರಡು ಪಟ್ಟಾಗುತ್ತದೆ.

ಜೋಡಿಸುವಾಗ ಬುಷ್ (ಶಾಫ್ಟು ತಿರುಗುವ ಲೋಹದ ಬಳೆ) ತೂತನ್ನು ಡ್ರಿಲ್ಲಿನಿಂದ ಅಗಲಿಸಬೇಡಿ, ರೀಮರಿನಿಂದ ಎರಡೂ ಕಡೆಯಿಂದ ಸ್ವಲ್ಪಸ್ವಲ್ಪವೇ ಕೆರೆಯಿರಿ. ಬೆಸುಗೆಯ ಆಸಿಡ್ ಫ್ಲಕ್ಸನ್ನು ಗೇರು ಕೂರಿಸುವ ಮುಂಚೆಯೇ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಸ್ಟೀಲ್ ಶಾಫ್ಟು ತುಕ್ಕು ಹಿಡಿಯುತ್ತದೆ. ವರ್ಮನ್ನು ಒತ್ತಿ ಕೂರಿಸುವಾಗ ಶಾಫ್ಟಿನ ಇನ್ನೊಂದು ತುದಿಗೆ ಆಸರೆ ಇರಲೇಬೇಕು. ಕೋರ್‌ಲೆಸ್ ಆದರೆ ಒತ್ತಲೇಬೇಡಿ, ರಿಟೇನರ್ ಅಂಟಿನ ಒಂದು ಹನಿ ಸಾಕು. ಹನಿ ಬೇರಿಂಗಿಗೆ ಹರಿಯದಂತೆ ಮೊದಲೇ ಅಲ್ಲಿ ಎಣ್ಣೆ ಸವರಿಡಿ. ವರ್ಮ್ ಮತ್ತು ಗೇರಿನ ನಡುವೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿ ಸಿಕ್ಕಿಸಿ ಮೋಟಾರಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ತಿರುಗಿಸಿ ತೆಗೆದರೆ ಹಲ್ಲಿನ ಸಡಿಲ ಸರಿಯಾಗಿ ಸಿಗುತ್ತದೆ.

ಗೇರ್‌ಬಾಕ್ಸನ್ನು ಫ್ರೇಮಿಗೆ ಬೆಸೆದುಬಿಡುವುದು ದೊಡ್ಡ ತಪ್ಪು. ಅದು ಆಕ್ಸಲ್ ಮೇಲೆ ತೇಲುತ್ತಿರಬೇಕು, ಆದರೆ ಆಕ್ಸಲ್ ಸುತ್ತ ತಾನೇ ತಿರುಗದಂತೆ ಸಣ್ಣ ತಂತಿಯ ಕೊಂಡಿಯೊಂದು ಹಿಡಿದಿರಬೇಕು.

ಪರೀಕ್ಷೆಗೆ ಒಂದು ಮಿಲಿ ಆಂಪಿಯರ್ ಮೀಟರ್ ಸಾಕು. ಮೊದಲು ಮೋಟಾರು ಒಂಟಿಯಾಗಿ, ಆಮೇಲೆ ಗೇರ್‌ಬಾಕ್ಸ್ ಸೇರಿಸಿ, ಆಮೇಲೆ ಚಕ್ರ, ಕೊನೆಗೆ ಕಪ್ಲಿಂಗ್ ರಾಡ್ (ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸರಳು) ಹಾಕಿ, ಪ್ರತಿ ಹಂತದ ಕರೆಂಟನ್ನೂ ಬರೆದಿಡಿ. ರಾಡ್ ಇಲ್ಲದೆಯೂ ಆಕ್ಸಲಿನ ಪ್ರತಿ ಸುತ್ತಿಗೊಮ್ಮೆ ಮುಳ್ಳು ಏರಿಳಿದರೆ ಗೇರಿನ ತೂತು ನಡುವಿಗಿಲ್ಲ ಎಂದರ್ಥ. ರಾಡ್ ಹಾಕಿದ ಮೇಲಷ್ಟೇ ಏರಿಳಿದರೆ ತಪ್ಪು ಕ್ವಾರ್ಟರಿಂಗಿನದ್ದು (ಎಡ-ಬಲ ಚಕ್ರಗಳ ರಾಡ್ ಪಿನ್ನುಗಳ ನಡುವಿನ ಕಾಲು ಸುತ್ತಿನ ಕೋನದ್ದು) ಅಥವಾ ರಾಡಿನ ತೂತುಗಳ ಅಂತರದ್ದು. ಗೇರ್‌ಬಾಕ್ಸ್ ಬಿಚ್ಚುವ ಅಗತ್ಯವಿಲ್ಲ. ಒಂದು ದಿಕ್ಕಿನಲ್ಲಿ ಮಾತ್ರ ಗಲಾಟೆ ಬಂದರೆ ವರ್ಮಿನ ಒತ್ತಡಕ್ಕೆ ಮೋಟಾರಿನ ಶಾಫ್ಟು ಹಿಂದೆಮುಂದೆ ಸರಿಯುತ್ತಿದೆ: ತೆಳು ವಾಷರ್ ಹಾಕಿ ಆ ಸರಿದಾಟವನ್ನು 0.1 ಮಿ.ಮೀ.ಗೆ ತನ್ನಿ. ಎಲ್ಲ ಸರಿಯಿದ್ದರೆ ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸ್ ಚೂರೇ ಚೂರು ಹಚ್ಚಿ, 6 ವೋಲ್ಟಿನಲ್ಲಿ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಓಡಿಸಿ. ಬೇಗ ನುಣುಪಾಗಲಿ ಎಂದು ಟೂತ್‌ಪೇಸ್ಟ್ ಹಾಕುವವರಿದ್ದಾರೆ. ಹಾಕಬೇಡಿ, ಅದರ ಪುಡಿ ಬುಷ್‌ಗಳೊಳಗೆ ಸೇರಿ ಎಂಜಿನ್ ಓಡುವಷ್ಟು ದಿನವೂ ಸವೆಸುತ್ತಲೇ ಇರುತ್ತದೆ.