ರ‍್ಯಾಪ್‌ಗೆ ಕಾದವರಿಗೆ ಸಿಕ್ಕ ಕೊಳಲು

17 ನವೆಂಬರ್ 2025, ಸೋಮವಾರ
ಬೆಂಗಳೂರು, ರಾತ್ರಿ

ಇವತ್ತಿಗೆ ಸರಿಯಾಗಿ ಎರಡು ವರ್ಷ. 2023ರ ನವೆಂಬರ್ 17, ಶುಕ್ರವಾರ. ತಾಳಕ್ಕೆ ಮಾತು ಹೆಣೆಯುವ ರ‍್ಯಾಪ್‌ಗೆ ಹೆಸರಾದ ಅಮೆರಿಕದ ಆಂಡ್ರೆ 3000 'ನ್ಯೂ ಬ್ಲೂ ಸನ್' ಅನ್ನೋ ಕೊಳಲಿನ ಆಲ್ಬಮ್ ಬಿಡುಗಡೆ ಮಾಡಿದ ದಿನ. ಅವತ್ತು ಸಂಜೆ ಹುಬ್ಬಳ್ಳಿಯಿಂದ ಗೆಳೆಯನ ಫೋನ್ ಬಂತು. ಹಲೋ ಕೂಡ ಅನ್ನಲಿಲ್ಲ. "ಹದಿನೇಳು ವರ್ಷ ಕಾದೆನಲ್ಲೋ. ಇದಕ್ಕಾ?" ಅಂದ.

ಅವನ ಧ್ವನಿ ಇನ್ನೂ ಕಿವಿಯಲ್ಲಿದೆ. ಸಿಟ್ಟಿಗಿಂತ ಜಾಸ್ತಿ ನೋವಿತ್ತು ಅದರಲ್ಲಿ. ಇವತ್ತು ಸಂಜೆ ಮತ್ತೆ ಆ ಆಲ್ಬಮ್ ಹಾಕಿಕೊಂಡು ಕೂತೆ. ಎಲ್ಲ ನೆನಪಾಯಿತು. ಬರೆದಿಡೋಣ ಅನ್ನಿಸಿತು.

ನಮ್ಮಿಬ್ಬರ ಕಥೆ ಶುರುವಾಗಿದ್ದು 2004ರಲ್ಲಿ, ಹಾಸ್ಟೆಲಿನಲ್ಲಿ. ಆಂಡ್ರೆ, ಬಿಗ್ ಬಾಯ್ ಇಬ್ಬರ ರ‍್ಯಾಪ್ ತಂಡ ಔಟ್‌ಕಾಸ್ಟ್. ಔಟ್‌ಕಾಸ್ಟ್‌ನ 'ಹೇ ಯಾ' ಟಿವಿಯಲ್ಲಿ ಬಂದರೆ ಮೆಸ್ಸಿನಲ್ಲಿ ತಟ್ಟೆ ಬಿಟ್ಟು ಎದ್ದು ಕುಣಿಯುತ್ತಿದ್ದ ಕಾಲ. ನಮಗೆಲ್ಲ ಆ ಒಂದು ಹಾಡು ಸಾಕಿತ್ತು. ಇವನಿಗೆ ಸಾಕಾಗಲಿಲ್ಲ. ಎಲ್ಲಿಂದಲೋ ಎಂಪಿ3 ಸಿಡಿ ತಂದ. ಅದರಲ್ಲಿ ಅವರ 1996ರ 'ಏಟಿಲಿಯನ್ಸ್' ಇತ್ತು, 1998ರ 'ಅಕ್ವೆಮಿನೈ' ಇತ್ತು. ಒಂದು ಉದ್ದನೆಯ ನೋಟ್‌ಬುಕ್ ತಗೊಂಡು ಆಂಡ್ರೆಯ ಸಾಲುಗಳನ್ನು ಬರೆದುಕೊಳ್ಳಲು ಶುರು ಮಾಡಿದ. ನಿಲ್ಲಿಸುವುದು, ಹಿಂದಕ್ಕೆ ಹೋಗುವುದು, ಮತ್ತೆ ಕೇಳುವುದು. ಅವರ ಊರು ಅಟ್ಲಾಂಟಾದ ಇಂಗ್ಲಿಷು ನಮ್ಮ ಪಠ್ಯಪುಸ್ತಕದ ಇಂಗ್ಲಿಷ್ ಅಲ್ವಲ್ಲ! ನಾಲ್ಕು ಸಾಲಿಗೆ ಒಂದು ಸಂಜೆ ಹಿಡಿಯುತ್ತಿತ್ತು. ಅರ್ಥವಾಗದ ಪದದ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತಿದ್ದೆವು. ಹೀಗೆ ಕೇಳಿದವನು ಅವನು. ಅವನ ನೋವನ್ನು ಸುಮ್ನೆ ತಳ್ಳಿಹಾಕೋಕೆ ನನಗೆ ಆಗೋದಿಲ್ಲ.

1995ರ ಕಥೆಯನ್ನು ಅವನೇ ನನಗೆ ಹೇಳಿದ್ದು. ಆ ವರ್ಷ ಆಗಸ್ಟ್ 3ರಂದು ನ್ಯೂಯಾರ್ಕ್‌ನಲ್ಲಿ ಹಿಪ್‌ಹಾಪ್‌ಗೆ, ಅಂದರೆ ರ‍್ಯಾಪ್ ಸಂಗೀತಕ್ಕೆ, ಪ್ರಶಸ್ತಿ ಕೊಡುವ ಸೋರ್ಸ್ ಅವಾರ್ಡ್ಸ್ ಸಮಾರಂಭ. ಹಿಪ್‌ಹಾಪ್ ಅಂದರೆ ನ್ಯೂಯಾರ್ಕ್, ಇಲ್ಲದಿದ್ದರೆ ಲಾಸ್ ಏಂಜಲೀಸ್ ಅಂತಿದ್ದ ಕಾಲ. ಅಟ್ಲಾಂಟಾದ ಇಬ್ಬರು ಹುಡುಗರು, ಆಂಡ್ರೆ ಮತ್ತು ಬಿಗ್ ಬಾಯ್, ಹೊಸ ತಂಡದ ಪ್ರಶಸ್ತಿ ತಗೊಳ್ಳಲು ವೇದಿಕೆ ಹತ್ತಿದರು. ಸಭೆ 'ಬೂ' ಅಂತ ಕೂಗಿತು. ಆಗ ಆಂಡ್ರೆಗೆ 20 ವರ್ಷ. ಅಟ್ಲಾಂಟಾ ಇರುವ ಅಮೆರಿಕದ ದಕ್ಷಿಣದವರಿಗೂ ಹೇಳೋದಕ್ಕೆ ಒಂದು ಮಾತಿದೆ ಅಂತ ಮೈಕಿನಲ್ಲಿ ಹೇಳಿ ಇಳಿದ. ಆಮೇಲಿನ ಇಪ್ಪತ್ತು ವರ್ಷ ಅಮೆರಿಕದ ಹಿಪ್‌ಹಾಪ್ ನಡೆದಿದ್ದೇ ಆ ದಕ್ಷಿಣದ ಕಡೆಯಿಂದ. ಗೆಳೆಯ ಈ ಕಥೆ ಹೇಳುವಾಗಲೆಲ್ಲ ಎದ್ದು ನಿಲ್ಲುತ್ತಿದ್ದ.

2006ರಲ್ಲಿ 'ಐಡಲ್‌ವೈಲ್ಡ್' ಬಂತು. ಅದೇ ಔಟ್‌ಕಾಸ್ಟ್‌ನ ಕೊನೆಯ ಆಲ್ಬಮ್. ಆಮೇಲೆ ಕಾಯುವ ಕೆಲಸ. ಪೂರ್ತಿ ಮೌನ ಏನಲ್ಲ. ಬೇರೆಯವರ ಹಾಡಿನಲ್ಲಿ ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಆಂಡ್ರೆಯ ತುಣುಕು ಸಿಗುತ್ತಿತ್ತು. 2014ರಲ್ಲಿ ಇಬ್ಬರೂ ಮತ್ತೆ ಸೇರಿ ಊರೂರು ಸುತ್ತಿ ಉತ್ಸವಗಳಲ್ಲಿ ಹಾಡಿದರು. ಒಂದೊಂದು ಪ್ರದರ್ಶನಕ್ಕೂ ಆಂಡ್ರೆ ಮೈಮೇಲೆ ಕಪ್ಪು ಜಂಪ್‌ಸೂಟ್, ಎದೆಯ ಮೇಲೆ ಹೊಸ ಹೊಸ ಬರಹ. ವಿಡಿಯೊಗಳಲ್ಲಿ ಅವನ ಮುಖ ನೋಡಿದರೆ ಮನಸ್ಸು ಅಲ್ಲಿಲ್ಲ ಅಂತ ಗೊತ್ತಾಗುತ್ತಿತ್ತು. 2018ರ ತಾಯಂದಿರ ದಿನ ಎರಡು ಹಾಡುಗಳನ್ನು ಬಿಟ್ಟ. ಅದರಲ್ಲಿ ಒಂದರಲ್ಲಿ ಮಾತೇ ಇಲ್ಲ. ಜೇಮ್ಸ್ ಬ್ಲೇಕ್‌ನ ಪಿಯಾನೋ, ಆಂಡ್ರೆ ಊದುವ ಬಾಸ್ ಕ್ಲಾರಿನೆಟ್ ಅನ್ನೋ ವಾದ್ಯ, ಹದಿನೇಳು ನಿಮಿಷ. 2019ರಲ್ಲಿ ಅವನು ಕೊಳಲು ಹಿಡಿದು ಬೀದಿಯಲ್ಲಿ, ವಿಮಾನ ನಿಲ್ದಾಣದಲ್ಲಿ ಒಬ್ಬನೇ ಊದುತ್ತಾ ಓಡಾಡುವ ಚಿತ್ರಗಳು ಹರಿದಾಡಿದವು. ಜನ ಅದನ್ನು ತಮಾಷೆ ಅಂದುಕೊಂಡರು. ಈಗ ಅನ್ನಿಸುತ್ತೆ, ಅವನು ಎಲ್ಲವನ್ನೂ ಮೊದಲೇ ತೋರಿಸಿದ್ದ. ನಾವು ನೋಡಿದ್ದು ನಮಗೆ ಬೇಕಾಗಿದ್ದನ್ನು ಮಾತ್ರ.

ಆಲ್ಬಮ್ ಬಂದ ರೀತಿಯಲ್ಲೂ ಮುಚ್ಚುಮರೆ ಇರಲಿಲ್ಲ. ಮೂರು ದಿನ ಮೊದಲು ಸುದ್ದಿ ಕೊಟ್ಟ. ಕೇಳುಗರಿಗೆ ಮೋಸ ಆಗಬಾರದು ಅಂತ ಹೊದಿಕೆಯ ಮೇಲೆಯೇ ಎಚ್ಚರಿಕೆ ಬರೆಸಿದ್ದ, ಒಳಗೆ ರ‍್ಯಾಪ್ ಸಾಲುಗಳಿಲ್ಲ ಅಂತ. ಮೊದಲ ಹಾಡಿನ ಹೆಸರೇ ಒಂದು ಕ್ಷಮೆ ಕೇಳಿದ ಹಾಗಿದೆ. ಕನ್ನಡದಲ್ಲಿ ಹೇಳಿದರೆ: ಆಣೆ ಮಾಡಿ ಹೇಳ್ತೀನಿ, ರ‍್ಯಾಪ್ ಆಲ್ಬಮ್ಮೇ ಮಾಡಬೇಕು ಅಂತಿದ್ದೆ, ಆದರೆ ಈ ಸಲ ಗಾಳಿ ನನ್ನನ್ನು ಬೀಸಿಕೊಂಡು ಹೋಗಿದ್ದು ಹೀಗೆ.

ಎಂಟು ತುಣುಕು. 87 ನಿಮಿಷ. ಒಂದು ಮಾತಿಲ್ಲ.

ಅವತ್ತೇ ಜನ ಎರಡು ಪಾಲಾದರು. ಒಂದು ಕಡೆಯವರು "ಎಂಥ ಧೈರ್ಯ" ಅಂದರು. 48ನೇ ವಯಸ್ಸಿನಲ್ಲಿ, ಇಷ್ಟು ಹೆಸರಿದ್ದೂ, ಗೊತ್ತಿಲ್ಲದ ವಾದ್ಯ ಹಿಡಿಯೋದು ಸಣ್ಣ ಮಾತಲ್ಲ ಅಂದರು. ಇನ್ನೊಂದು ಕಡೆಯವರಿಗೆ ಇದು ಮಸಾಜ್ ಅಂಗಡಿಯಲ್ಲಿ ಹಾಕುವ ಸಂಗೀತ. ಈ ಎರಡರ ನಡುವೆ ಇನ್ನೊಂದು ಮಾತೂ ಕೇಳಿಬಂತು. ಅದು ನನಗೆ ತುಂಬ ನ್ಯಾಯವಾದದ್ದು ಅನ್ನಿಸಿತು. ಇದೇ ಥರದ ಸಂಗೀತವನ್ನು ಮೂವತ್ತು, ನಲವತ್ತು ವರ್ಷದಿಂದ ನುಡಿಸುತ್ತಾ ಬಂದವರಿದ್ದಾರೆ, ಅವರ ಆಲ್ಬಮ್ಮನ್ನು ಯಾರೂ ತಿರುಗಿ ನೋಡಲ್ಲ ಅನ್ನೋ ಮಾತು. ಆಂಡ್ರೆಯ ಮೊದಲ ತುಣುಕು 12 ನಿಮಿಷ 20 ಸೆಕೆಂಡ್ ಇದೆ. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 90ನೇ ಜಾಗಕ್ಕೆ ಬಂತು. ಆ ಪಟ್ಟಿಗೆ ಅಷ್ಟು ಉದ್ದದ ಹಾಡು ಅದಕ್ಕೂ ಮೊದಲು ಬಂದಿರಲಿಲ್ಲ. ಹೆಸರಿಲ್ಲದವನು ಅದನ್ನೇ ಊದಿದ್ದರೆ ಬರುತ್ತಿತ್ತಾ? ಇಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ನಾನು ಮೊದಲ ಕಡೆಯವನು. ಎರಡು ದಿನ ಗೆಳೆಯನ ಜೊತೆ ವಾದ ಮಾಡಿದೆ. ಅವನ ಹತ್ತಿರ ಗಟ್ಟಿ ಸಾಕ್ಷಿ ಇತ್ತು. ಅದೇ ವರ್ಷ ಜೂನ್‌ನಲ್ಲಿ ಅಟ್ಲಾಂಟಾದ ಇನ್ನೊಬ್ಬ ರ‍್ಯಾಪರ್ ಕಿಲ್ಲರ್ ಮೈಕ್‌ನ ಆಲ್ಬಮ್ಮಿನಲ್ಲಿ ಆಂಡ್ರೆ ರ‍್ಯಾಪ್ ಮಾಡಿದ್ದ. "ಬಾಯಿ ಬಿಟ್ಟರೆ ಈಗಲೂ ಬೆಂಕಿ. ಇರೋದನ್ನ ಯಾಕೆ ಬಚ್ಚಿಡ್ತಾನೆ?" ಅಂದ. ಮುಂದಿನ ಫೆಬ್ರವರಿಯಲ್ಲಿ ಆ ಹಾಡಿಗೆ ಎರಡು ಗ್ರ್ಯಾಮಿ ಬಂತು. ಅವನ ಮಾತಿಗೆ ಇನ್ನಷ್ಟು ಬಲ ಬಂತು.

ನಾನು ಆಂಡ್ರೆಯ ಮಾತನ್ನೇ ಎತ್ತಿ ಹೇಳಿದೆ. ಈ ವಯಸ್ಸಿನಲ್ಲಿ ಏನಂತ ರ‍್ಯಾಪ್ ಮಾಡಲಿ, ಕಣ್ಣು ಮಂಜಾಗ್ತಿದೆ, ವೈದ್ಯಕೀಯ ತಪಾಸಣೆಗೆ ಹೋಗಬೇಕು, ಅದನ್ನಾ ಹಾಡೋದು ಅನ್ನೋ ಅರ್ಥದಲ್ಲಿ ಅವನು ಒಂದು ಸಂದರ್ಶನದಲ್ಲಿ ಹೇಳಿದ್ದ. ಗೆಳೆಯ ತಕ್ಷಣ ಅಂದ, "ಅದನ್ನೇ ಹಾಡಲಿ. ನನಗೂ ನಲವತ್ತಾಯ್ತು. ನನಗೂ ಕನ್ನಡಕ ಬಂತು. ಅದನ್ನ ಅವನಷ್ಟು ಚೆನ್ನಾಗಿ ಇನ್ಯಾರು ಹೇಳ್ತಾರೆ?" ಇದಕ್ಕೆ ಅವತ್ತೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ.

"ಅಭಿಮಾನಿಗಳನ್ನ ದೇವರು ಅಂತ ಕರೆದ ಅಣ್ಣಾವ್ರ ನಾಡಿನವರು ನಾವು, ಕೇಳೋ ಹಕ್ಕು ನಮಗಿದೆ" ಅಂತಲೂ ಅಂದ. ಕೇಳು, ಆದರೆ ಸಾಲ ಕೊಟ್ಟವನ ಹಾಗೆ ಕೇಳಬೇಡ ಅಂದೆ. ಫೋನ್ ಇಟ್ಟುಬಿಟ್ಟ.

ನವೆಂಬರ್ 19, ಭಾನುವಾರ. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಸೋತ ರಾತ್ರಿ. ಬೀದಿಯಲ್ಲಿ ಒಂದು ಸದ್ದಿಲ್ಲ. ತಂದಿಟ್ಟ ಪಟಾಕಿ ಎಲ್ಲರ ಮನೆಯಲ್ಲೂ ಹಾಗೇ ಉಳಿದಿತ್ತು. ನಿದ್ದೆ ಬರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಲ್ಬಮ್ ಶುರು ಮಾಡಿದೆ. ಆಗ ಹೊಳೆದಿದ್ದು ಒಂದು ಸಂಗತಿ. ಅಲ್ಲಿಯವರೆಗೆ ನಾನು ಕೇಳಿದ್ದು ಬರೀ ಇಪ್ಪತ್ತು ನಿಮಿಷ. ಅಷ್ಟನ್ನೇ ಇಟ್ಟುಕೊಂಡು ಎರಡು ದಿನ ವಾದ ಮಾಡಿದ್ದೆ. ಗೆಳೆಯ ಸಿಟ್ಟಿನಲ್ಲೇ ಪೂರ್ತಿ 87 ನಿಮಿಷ ಕೇಳಿದ್ದ, ಅದೂ ಎರಡು ಸಲ, ಎಲ್ಲಾದರೂ ಒಂದು ಮಾತು ಸಿಕ್ಕೀತು ಅಂತ. ನಾನು ಮೆಚ್ಚಿಕೊಂಡೇ ಅರ್ಧಕ್ಕೆ ಬಿಟ್ಟಿದ್ದೆ. ಧೈರ್ಯ ಅಂತ ಹೊಗಳೋಕೆ ಹಾಡು ಕೇಳಲೇಬೇಕು ಅಂತೇನಿಲ್ಲ. ಬೈಯೋಕೆ ಕೇಳಬೇಕು. ಎರಡು ವರ್ಷದಿಂದ ನನ್ನ ಮನಸ್ಸಿನಲ್ಲಿ ಉಳಿದಿರೋದು ಇದೇ.

ಅವತ್ತು ರಾತ್ರಿ ಪೂರ್ತಿ ಕೇಳಿದೆ. ಸುಲಭ ಅಲ್ಲ. ತಾಳ ಹಿಡಿಯೋಣ ಅಂದರೆ ಕೈಗೆ ಸಿಗಲ್ಲ. ಜೊತೆಗೆ ನುಡಿಸಿದ ಕಾರ್ಲೋಸ್ ನೀನ್ಯೊ ಎಲ್ಲೋ ಗಂಟೆ, ಗೆಜ್ಜೆ ಥರದ ಸದ್ದು ಮಾಡುತ್ತಾ ಇರುತ್ತಾನೆ. ಸೂರ್ಯ ಬೊಟೊಫಸಿನಾನ ಕೀಬೋರ್ಡ್ ಕೆಳಗೆ ನೀರಿನ ಹಾಗೆ ಹರಡಿರುತ್ತೆ. ಈ ಸೂರ್ಯ ಬೆಳೆದಿದ್ದು ಕ್ಯಾಲಿಫೋರ್ನಿಯಾದಲ್ಲಿ, ಆಲಿಸ್ ಕೋಲ್ಟ್ರೇನ್ ನಡೆಸುತ್ತಿದ್ದ ಆಶ್ರಮದಲ್ಲಿ. ಜಾಝ್ ಪಿಯಾನೋ, ಹಾರ್ಪ್ ನುಡಿಸುತ್ತಿದ್ದ ಆಕೆ ಅಲ್ಲಿ ಎಲ್ಲರ ಜೊತೆ ಕೂತು ಭಜನೆ ಹಾಡುತ್ತಿದ್ದರು. ಇದು ತಿಳಿದ ಮೇಲೆ ನನಗೆ ಆ ಕೀಬೋರ್ಡಿನಲ್ಲಿ ಮಠದ ಹಾರ್ಮೋನಿಯಂ ಕೇಳಿಸತೊಡಗಿತು. ಅವೆಲ್ಲದರ ಮೇಲೆ ಆಂಡ್ರೆಯ ಉಸಿರು. ಒಂದು ಸ್ವರ ಹಿಡಿಯುತ್ತಾನೆ, ಬಿಡುತ್ತಾನೆ, ಮತ್ತೆ ಅದೇ ಸ್ವರಕ್ಕೆ ಬರುತ್ತಾನೆ. ಒಂದು ತುಣುಕಿನಲ್ಲಿ ಚಿರತೆ ಗುರುಗುಟ್ಟಿದ ಹಾಗೆ ತುಂಬ ಕೆಳಗಿನ ಸದ್ದು. ಅದು ನನಗೆ ಭಯ ಹುಟ್ಟಿಸಿತು, ಮತ್ತೆ ಮತ್ತೆ ಕೇಳಿದ್ದೂ ಅದನ್ನೇ. ಆದರೆ ನಡುವಿನ ಎರಡು ತುಣುಕುಗಳು ಎಲ್ಲಿಗೂ ಹೋಗಲ್ಲ, ಅದನ್ನೂ ಹೇಳಬೇಕು.

ಮಾರನೇ ದಿನ ಸ್ಪೀಕರಿನಲ್ಲಿ ಹಾಕಿದ್ದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಯಾರೋ ಕೊಳಲು ಕಲೀತಿದ್ದಾರಾ? ಒಂದೇ ಸ್ವರ ಹಿಡ್ಕೊಂಡು ಕೂತಿದ್ದಾರೆ, ಮುಂದಕ್ಕೇ ಹೋಗ್ತಿಲ್ಲ" ಅಂದರು. ಅಮ್ಮನಿಗೆ ಔಟ್‌ಕಾಸ್ಟ್ ಗೊತ್ತಿಲ್ಲ, ಕಾದದ್ದೂ ಇಲ್ಲ. ಗಮಕ ತುಂಬಿದ ಕೊಳಲು ಕೇಳಿ ಬೆಳೆದ ಕಿವಿ. ಆ ಕಿವಿಗೆ ಇದು ಕಲಿಯುವವನ ಊದು. ತಪ್ಪೇನಿಲ್ಲ. ಆಂಡ್ರೆ ಶಾಸ್ತ್ರೀಯವಾಗಿ ಕಲಿತವನಲ್ಲ, ಅದನ್ನು ಅವನೇ ಹೇಳಿಕೊಂಡಿದ್ದಾನೆ. ಆದರೆ ಆ ಕಲಿಯುವವನ ಉಸಿರೇ ನನಗೆ ಹಿಡಿಸಿದ್ದು. ಮಾತಿನಲ್ಲಿ ಜಗತ್ತನ್ನೇ ಗೆದ್ದವನು ಮತ್ತೆ ಮೊದಲ ಪಾಠಕ್ಕೆ ಕೂತಿದ್ದಾನೆ, ಮತ್ತು ಅದನ್ನು ನಮ್ಮ ಎದುರಿಗೇ ಮಾಡುತ್ತಿದ್ದಾನೆ.

ಕೊನೆಯ ತುಣುಕು ಹದಿನೇಳು ನಿಮಿಷ. ಅದರ ಹೆಸರಿನ ಅರ್ಥ, ಡಂಜನ್‌ನ ನೆಲದಡಿ ಹೂತಿದ್ದ ಕನಸುಗಳು ಮೆಲ್ಲಗೆ ಅರಳಿ ಸಾಯದ ತೋಟಗಳಾಗುತ್ತವೆ ಅಂತ. ಡಂಜನ್ ಅಂದರೆ ಅಟ್ಲಾಂಟಾದಲ್ಲಿ ಔಟ್‌ಕಾಸ್ಟ್‌ನ ನಿರ್ಮಾಪಕ ರಿಕೊ ವೇಡ್‌ನ ತಾಯಿಯ ಮನೆಯ ನೆಲಮಾಳಿಗೆ. ಮಣ್ಣಿನ ನೆಲ. ಔಟ್‌ಕಾಸ್ಟ್ ಶುರುವಾಗಿದ್ದೇ ಅಲ್ಲಿ. 2019ರಲ್ಲಿ ಬಿಗ್ ಬಾಯ್ ಆ ಮನೆಯನ್ನೇ ಕೊಂಡ. ಈ ಹೆಸರು ಓದಿದ ಮೇಲೆ ಆಂಡ್ರೆ ಹಳೆಯದನ್ನು ಮರೆತ ಅನ್ನೋ ಮಾತನ್ನು ನಾನು ಒಪ್ಪಲಾರೆ. ಒಬ್ಬ ಮನೆ ಉಳಿಸಿಕೊಂಡ. ಇನ್ನೊಬ್ಬ ಅದರ ಹೆಸರಲ್ಲಿ ಕೊಳಲು ಊದಿದ. 2024ರ ಏಪ್ರಿಲ್‌ನಲ್ಲಿ ರಿಕೊ ವೇಡ್ ತೀರಿಕೊಂಡ. ಆವತ್ತು ನಾನೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಐದು ತಿಂಗಳ ನಂತರದ ಮೊದಲ ಮಾತು. ಕೊನೆಯ ತುಣುಕು ಮತ್ತೊಮ್ಮೆ ಕೇಳು ಅಂದೆ. ಕೇಳಿದ. "ಹೆಸರು ಚೆನ್ನಾಗಿದೆ. ಆದರೆ ಆ ಹೆಸರಲ್ಲಿ ಇರೋ ಮಾತು ಹಾಡಲ್ಲಿ ಬೇಕಿತ್ತು" ಅಂದ.

ಆಮೇಲೆ ಆಲ್ಬಮ್ ಗ್ರ್ಯಾಮಿಗೆ ನಾಮನಿರ್ದೇಶನವಾಯಿತು, ವರ್ಷದ ಆಲ್ಬಮ್ ವಿಭಾಗದಲ್ಲೂ. 2004ರಲ್ಲಿ ಔಟ್‌ಕಾಸ್ಟ್ ಗೆದ್ದಿದ್ದ ಅದೇ ವಿಭಾಗ. ಈ ಸಲ ಬಿಯಾನ್ಸೆ ಗೆದ್ದಳು. ಈ ವರ್ಷ ಮೇ ತಿಂಗಳಲ್ಲಿ ಆಂಡ್ರೆ ಬೆನ್ನಿಗೆ ಪಿಯಾನೋ ಕಟ್ಟಿಕೊಂಡು ನ್ಯೂಯಾರ್ಕ್‌ನ ಫ್ಯಾಷನ್ ಸಮಾರಂಭ ಮೆಟ್ ಗಾಲಾಕ್ಕೆ ಬಂದ, ಜೊತೆಗೇ ಏಳು ಪಿಯಾನೋ ತುಣುಕುಗಳನ್ನು ಬಿಟ್ಟ. ಮನೆಯಲ್ಲಿ ಯಾವಾಗಲೋ ರೆಕಾರ್ಡ್ ಮಾಡಿಟ್ಟಿದ್ದವು. ನನಗೆ ಇಷ್ಟವಾಗಲಿಲ್ಲ. ಕೊಳಲಿನಲ್ಲಿದ್ದ ಕಾಳಜಿ ಇದರಲ್ಲಿಲ್ಲ. ಈ ಸಲ ಪೂರ್ತಿ ಕೇಳಿದ ಮೇಲೆಯೇ ಗೆಳೆಯನಿಗೆ ಹಾಗಂತ ಹೇಳಿದೆ. ಒಂದು ವಿಷಯದಲ್ಲಾದರೂ ಇಬ್ಬರೂ ಒಪ್ಪಿದೆವು.

ಈ ತಿಂಗಳ 8ರಂದು ಲಾಸ್ ಏಂಜಲೀಸ್‌ನಲ್ಲಿ ಔಟ್‌ಕಾಸ್ಟ್‌ಗೆ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಬಿಗ್ ಬಾಯ್ ಮತ್ತು ಬೇರೆ ಕಲಾವಿದರು ಹಾಡಿದರು. ಆಂಡ್ರೆ ಹಾಡಲಿಲ್ಲ. ಮಾತಾಡಿದ. ದೊಡ್ಡದೆಲ್ಲ ಸಣ್ಣ ಕೋಣೆಗಳಲ್ಲೇ ಶುರುವಾಗೋದು ಅಂದ, ಗಂಟಲು ಕಟ್ಟಿತು. ನಾನು ಆ ವಿಡಿಯೊ ನೋಡುತ್ತಾ ಆ ನೆಲಮಾಳಿಗೆಯನ್ನೇ ನೆನೆದೆ. ಗೆಳೆಯನಿಂದ ಮೆಸೇಜ್ ಬಂತು: "ಮೈಕ್ ಕೈಯಲ್ಲೇ ಇತ್ತು. ನಾಲ್ಕು ಸಾಲು ಸಾಕಿತ್ತು."

ಇವತ್ತು ಸಂಜೆ ಅವನಿಗೆ ಕೇಳಿದೆ, ಆ ನೋಟ್‌ಬುಕ್ ಇನ್ನೂ ಇದೆಯಾ ಅಂತ. ಹತ್ತು ನಿಮಿಷದಲ್ಲಿ ಒಂದು ಪುಟದ ಫೋಟೊ ಕಳಿಸಿದ. ನೀಲಿ ಇಂಕು ಮಾಸಿದೆ. ನನ್ನ ಅಕ್ಷರವೂ ಇದೆ ಅದರಲ್ಲಿ. ಮೂರು ಕಡೆ ಜಾಗ ಖಾಲಿ. ಎರಡು ಈಗ ಗೊತ್ತಾಯಿತು, ಬರೆದು ಕಳಿಸಿದೆ. ಮೂರನೆಯದು ಏನು ಅಂತ ಇಬ್ಬರೂ ಇನ್ನೂ ಕೇಳುತ್ತಾ ಕೂತಿದ್ದೇವೆ, ಅವನು ಅಲ್ಲಿ, ನಾನು ಇಲ್ಲಿ.